ದಾರಿಗಡ್ಡ ಹಿಡಿದ ಹುಲ್ಲುಹಗ್ಗ

ಮೇ 11, ಶನಿವಾರ
(ಇಂದು ಕ್ಷೌರಕ್ಕೆ ಒಳ್ಳೆಯದು, ಬಾವಿ ತೋಡಬಾರದು ಎಂದು ಕ್ಯಾಲೆಂಡರ್ ಹೇಳುತ್ತದೆ.)

ಅರವತ್ತೊಂದು ಬಂದಿದ್ದಾನೆ.

ಅವನು ನನ್ನ ಅಕ್ಕನ ಮಗ. ಹುಟ್ಟಿದ ದಿನ ಅವನ ಅಜ್ಜನಿಗೆ ಅರವತ್ತೊಂದು ವರ್ಷ. ನಮ್ಮ ಕಡೆಯ ಪದ್ಧತಿಯಂತೆ ಅದೇ ಅವನ ಹೆಸರಾಯಿತು. ಹೊರಗಿನವರಿಗೆ ಅವನು ರೆನ್ ಯುಛುವಾನ್, ತಾನೇ ಪದ ಕಟ್ಟಿ ಗಿಟಾರ್ ಹಿಡಿದು ಹಾಡುವವನು, ಯಾವ ಕಂಪನಿಯ ಹಂಗೂ ಇಲ್ಲದೆ ಇಪ್ಪತ್ತು ವರ್ಷ ಊರೂರು ತಿರುಗಿದವನು. ಇಲ್ಲಿ ಮಾತ್ರ ಅವನೊಂದು ಸಂಖ್ಯೆ.

ಅವನು ತಂದ ಸುದ್ದಿ ದೊಡ್ಡದು, ಆದ್ದರಿಂದಲೇ ಬರೆಯಲು ಕೂತೆ. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಹಿಂಬದಿ ಖಾಲಿಯೇ ಇರುತ್ತದೆ, ಅಲ್ಲಿ ಬರೆಯುತ್ತೇನೆ. ನಾನು ಐದನೇ ತರಗತಿಯವರೆಗೆ ಓದಿದ್ದೇನೆ. ಆರನೆಯದಕ್ಕೆ ಓಡಿಹೋದವರು ಮೇಷ್ಟ್ರು, ನಾನಲ್ಲ. ನಮ್ಮವಳಿಗೆ ಒಂದಕ್ಷರವೂ ಓದಲು ಬಾರದು, ಹಾಗಾಗಿ ಧೈರ್ಯವಾಗಿ ಬರೆಯಬಹುದು.

ಸುದ್ದಿ ಇಷ್ಟು: ಅವನ ಮೊದಲ ಹಾಡಿನ ತಟ್ಟೆಗೆ ಈ ವರ್ಷ ಇಪ್ಪತ್ತು ತುಂಬುತ್ತದೆ. ಅದನ್ನು ಹಳೆ ಕಾಲದ ಕಪ್ಪು ಗ್ರಾಮಫೋನ್ ತಟ್ಟೆಯಾಗಿ ಮತ್ತೆ ಒತ್ತಿಸುತ್ತಾನಂತೆ. ಅದರಲ್ಲಿ ಎಲ್ಲರ ಬಾಯಲ್ಲೂ ಇರುವುದು 'ಸೇತುವೆಯಿಲ್ಲದ ಹೊಳೆ'. ಅದರ ಮೊದಲೆರಡು ಸಾಲು ಅವನು ನನ್ನಿಂದ ಕದ್ದದ್ದು. ಎಂಟು ವರ್ಷದವನಿದ್ದಾಗ, ನಾನು ಕುರಿ ಹೊಡೆದುಕೊಂಡು ಹೋದಲ್ಲೆಲ್ಲ ದಿಬ್ಬದ ಹಿಂದೆ ಅವಿತು ಕೂತು ಕೇಳಿಸಿಕೊಳ್ಳುತ್ತಿದ್ದ ಕಳ್ಳ.

"ಮಾವ, ಈ ಸಲ ನಿಮ್ಮ ಹೆಸರು ಹಾಕ್ತೀನಿ. ಪದ: ಬಾಯ್ ವಾನ್‌ಫು. ಆವಾಗ ಬರೀ 'ಜನಪದ' ಅಂತ ಬರೆದು ತಪ್ಪು ಮಾಡ್ಬಿಟ್ಟೆ."

"ತಪ್ಪು ಅಂತ ಈಗಾದ್ರೂ ಗೊತ್ತಾಯ್ತಲ್ಲ, ಬಿಡು. ಅಕ್ಷರ ಎಷ್ಟು ದಪ್ಪ ಇರುತ್ತೆ?"

"ಆದ್ರೆ ಒಂದು ಮಾತು. ಅದು ನಾಲ್ಕು ಸಾಲಿನ ಪದ. ನಾನು ಕೇಳಿದ್ದು ಎರಡೇ. ಉಳಿದೆರಡು ನಾನೇ ತುಂಬಿಸ್ದೆ. ಇಪ್ಪತ್ತು ವರ್ಷದಿಂದ ಆ ಜಾಗ ಬಂದಾಗೆಲ್ಲ ಕಣ್ಣು ಮುಚ್ಕೋತೀನಿ. ಜನ ಭಾವ ತುಂಬಿದೆ ಅಂದ್ಕೋತಾರೆ. ನಾಚಿಕೆ ಮಾವ ಅದು. ನಿಮ್ಮ ನಿಜವಾದ ಎರಡು ಸಾಲು ಕೊಡಿ, ಹೊಸದಾಗಿ ಹಾಡಿ ಸೇರಿಸ್ತೀನಿ. ಜೂನ್ ಕೊನೆಗೆ ಎಲ್ಲ ಅಚ್ಚಿಗೆ ಹೋಗ್ಬೇಕು."

"ಕೊಡೋಣ, ಕೊಡೋಣ" ಎಂದೆ. ಎದ್ದು ಒಲೆಗೆ ಸೌದೆ ತರಲು ಹೋದೆ.

ಮೇ 14, ಮಂಗಳವಾರ

ಬೆಳಿಗ್ಗೆ ಒಲೆ ಮುಂದೆ ಪುಟ್ಟ ಕುಡಿಕೆಯಲ್ಲಿ ಚಹಾ ಕಾಯಿಸುತ್ತಾ ಇಬ್ಬರೂ ಹಳೆಯದನ್ನೆಲ್ಲ ತೆಗೆದೆವು. ಲಾನ್‌ಝೌ ಪಟ್ಟಣದ ನೂಡಲ್ ಅಂಗಡಿಯಲ್ಲಿ ಬಟ್ಟಲು ತೊಳೆಯುತ್ತಿದ್ದ ಹುಡುಗ ಇವನು. ಬಟ್ಟಲು ತೊಳೆದ ಕೈಯಲ್ಲೇ ಒಂದು ನೆಲಮಾಳಿಗೆಯಲ್ಲಿ ಹಾಡುತ್ತಿದ್ದ, ಮೇಲಿನ ಕೊಳವೆಯಿಂದ ತಲೆಗೆ ನೀರು ತೊಟ್ಟಿಕ್ಕುತ್ತಿತ್ತು. ಲಾರಿಗಳ ಸದ್ದು ಕೇಳಬಾರದೆಂದು ಮೊದಲ ತಟ್ಟೆಯನ್ನು ಗೆಳೆಯನೊಬ್ಬನ ಆಲೂಗಡ್ಡೆ ನೆಲಗುಳಿಯೊಳಗೆ ಕೂತು ಮುದ್ರಿಸಿಕೊಂಡ. ಕಿವಿಗೊಟ್ಟು ಕೇಳಿದರೆ ಆಲೂಗಡ್ಡೆ ಮೊಳೆಯುವ ಸದ್ದೂ ಅದರಲ್ಲಿದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಬ್ಬರು ನಂಬಿದ್ದಾರೆ.

ಚೆಂಗ್ದುವಿನಲ್ಲಿ ಅವನ ಹಾಡು ಕೇಳಲು ಒಂಬತ್ತು ಜನ ಬಂದಿದ್ದರು. ಹತ್ತನೆಯವನು ನಾನು, ತೊಡೆ ಮೇಲೆ ಒಣ ಏಪ್ರಿಕಾಟಿನ ಚೀಲ. ನಾನು ನಿದ್ದೆ ಹೋದೆ ಎಂದು ಇವನು ಇಂದಿಗೂ ಹೇಳುತ್ತಾನೆ. ನಿದ್ದೆ ಅಲ್ಲ, ಕಣ್ಣು ಮುಚ್ಚಿ ರಾಗ ಪರೀಕ್ಷಿಸುತ್ತಿದ್ದೆ.

ಆಮೇಲೆ ಷೀಆನ್ ನಗರದ ದೊಡ್ಡ ಸಭಾಂಗಣ. ನಮ್ಮವಳನ್ನೂ ಕರೆದುಕೊಂಡು ಹೋಗಿದ್ದೆ. ಎಂಟು ನೂರು ಜನ ಒಟ್ಟಿಗೆ ಆ ಎರಡು ಸಾಲು ಹಾಡಿದರು. ಆ ಚಳಿಗಾಲದ ಸಂಜೆಯನ್ನು ನೆನೆದರೆ ಈಗಲೂ ರೋಮ ನಿಲ್ಲುತ್ತದೆ. ನಾನು ಎದ್ದು ನಿಂತು "ಅದು ನನ್ನ ಪದ! ನನ್ನದು!" ಎಂದು ಕೂಗಿದೆ. ಕಾವಲಿನವನು ಹೆಗಲು ಹಿಡಿದು ಕೂರಿಸಿದ. ನಮ್ಮವಳು ತಲೆವಸ್ತ್ರವನ್ನು ಮುಖಕ್ಕೆಳೆದುಕೊಂಡು ಎದ್ದು ಹೊರಗೆ ಹೋಗಿಬಿಟ್ಟಳು. ಬೆಟ್ಟದ ಹಾಡನ್ನು ನೆಂಟರ ನಡುವೆ ಕೇಳಬೇಕಾಯಿತಲ್ಲ, ಪಾಪ, ನಾಚಿಕೆ.

ಆ ದಿನಗಳಲ್ಲಿ ಇವನ ಜೊತೆ ನಾಲ್ವರಿದ್ದರು. ಈಗ ಡ್ರಮ್ ಬಾರಿಸುತ್ತಿದ್ದವನು ಟೈರ್ ಮಾರುತ್ತಾನೆ, ಪಿಟೀಲಿನವನು ಹೆಂಡತಿ ಊರಿನಲ್ಲಿ ಮೇಷ್ಟ್ರು. "ನಮ್ಮ ಹಾಡು ಕೇಳ್ತಾ ಪ್ರೀತಿ ಮಾಡಿದೋರು ಈಗ ಮಕ್ಕಳನ್ನ ಕರ್ಕೊಂಡು ಬರ್ತಾರೆ ಮಾವ" ಎಂದ. ಅವನ ಕೂದಲಲ್ಲೂ ಬಿಳಿ ಕಂಡೆ. ನನ್ನದು ಇನ್ನೂ ಕಪ್ಪು. ಬಣ್ಣ ಯಾವುದು ಎಂದು ಬರೆಯುವುದಿಲ್ಲ.

ಮೇ 20, ಸೋಮವಾರ

ನಮ್ಮ ಬೆಟ್ಟದ ಹಾಡಿಗೆ ನಾವು 'ಹೂವು' ಎನ್ನುತ್ತೇವೆ. ಗಂಡು ಹೆಣ್ಣು ಎದುರುಬದುರು ನಿಂತು ಕಟ್ಟುವ ಪದ. ಅದು ಬಯಲಿನದು. ಸೂರಿನ ಕೆಳಗೆ ಹಾಡುವಂತಿಲ್ಲ, ಹಿರಿಯರ ಮುಂದೆ, ಅಕ್ಕತಂಗಿಯರ ಮುಂದೆ, ಸೋದರಳಿಯನ ಮುಂದೆ ಬಾಯಿಬಿಡುವಂತಿಲ್ಲ, ಮನೆಯೊಳಗೆ ಗಂಡಹೆಂಡತಿ ಅದರ ಮಾತೆತ್ತುವುದೂ ಸಲ್ಲ. ಈ ನಿಯಮ ಇಷ್ಟು ದಿನ ನನಗೆ ಬೇಡಿಯಾಗಿತ್ತು, ಈಗ ಬೇಲಿಯಾಗಿದೆ. ಅರವತ್ತೊಂದು ಕೇಳಿದಾಗೆಲ್ಲ "ಸೂರಿನ ಕೆಳಗೆ ಹೇಗಪ್ಪಾ?" ಎನ್ನುತ್ತೇನೆ. ಬಯಲಿಗೆ ಹೋಗೋಣ ಎಂದರೆ "ಸೋದರಮಾವನಾಗಿ ನಿನ್ನ ಮುಂದೆ ಹೇಗಪ್ಪಾ?" ಎನ್ನುತ್ತೇನೆ.

ಅಂಗಳದಲ್ಲಿ ಬರೀ ತಂತಿ ಮೀಟಿದರೆ ದೋಷವಿಲ್ಲ. ಇವತ್ತು ಅವನು ಮೀಟುತ್ತಾ ಕೂತಿದ್ದ. ನಮ್ಮವಳು ಬಾಗಿಲಲ್ಲಿ ಹುರುಳಿ ಆರಿಸುತ್ತಿದ್ದಳು. ಅವಳ ಕೊರಳು ಚಿಕ್ಕಂದಿನ ಜ್ವರದಲ್ಲಿ ಒಡೆದುಹೋದದ್ದು, ಮರ ಗೀರಿದ ಹಾಗೆ ಬರುತ್ತದೆ. ತಲೆ ಎತ್ತದೆ ಅಂದಳು:

"ಅಲ್ಲೊಂದು ಹೆಜ್ಜೆ ಕಮ್ಮಿ ಬಿತ್ತು ಕಣಪ್ಪ."

ಅವನು ಮತ್ತೆ ಮೀಟಿ ನೋಡಿದ. ಹುಬ್ಬೇರಿಸಿದ. "ಹೌದಲ್ಲ! ಅತ್ತೆ, ನಿಮಗೆ ಹೇಗೆ ಗೊತ್ತಾಯ್ತು?"

"ಹಿಟ್ಟು ನಾದೀ ನಾದೀ ಕೈಗೆ ಗೊತ್ತಾಗತ್ತೆ."

"ನಮ್ಮ ಕೋಳಿಗೂ ಗೊತ್ತಾಗತ್ತೆ, ಅದನ್ನೂ ಕೇಳು" ಎಂದೆ ನಾನು. ಯಾರೂ ನಗಲಿಲ್ಲ.

ಮೇ 29, ಬುಧವಾರ
(ಹೊಸ ಕೆಲಸಕ್ಕೆ ಪ್ರಶಸ್ತ ದಿನ.)

ಕ್ಯಾಲೆಂಡರನ್ನು ನಂಬಿ ಇವತ್ತು ಎರಡು ಸಾಲು ನಾನೇ ಕಟ್ಟಿದೆ. ಕಾಗದದಲ್ಲಿ ಬರೆದು ಕೊಟ್ಟರೆ ನಿಯಮಕ್ಕೆ ಭಂಗವಿಲ್ಲ. ಅರವತ್ತೊಂದು ವಾರ್ತೆ ಓದುವವನ ದನಿಯಲ್ಲಿ ಓದಿದ:

"ಬೆಟ್ಟದ ಮೇಲೆ ಹುಲಿಯೊಂದುಂಟು, ವಾನ್‌ಫು ಅದರ ಹೆಸರು;
ಅವನು ಬಾಯಿ ತೆರೆದರೆ ಸಾಕು, ಹೊಳೆಗೇ ನಿಲ್ಲುವುದು ಉಸಿರು."

ಅಡುಗೆಮನೆಯಿಂದ ಸೌಟು ಬಿದ್ದ ಸದ್ದು. ನಮ್ಮವಳು ಗೋಡೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು.

"ಏನೇ ಅದು?"

"ಏನಿಲ್ಲ, ಹುಲಿಗೆ ಊಟ ಬಡಿಸ್ಲಾ ಅಂತ."

ಅರವತ್ತೊಂದು ಕಾಗದವನ್ನು ಮರ್ಯಾದೆಯಿಂದ ಮಡಚಿ ವಾಪಸ್ ಕೊಟ್ಟ. "ಮಾವ, ಇದು ನಿಮ್ಮದೇ ಅನ್ನೋದ್ರಲ್ಲಿ ಅನುಮಾನ ಇಲ್ಲ. ಅದಕ್ಕೇ ಮೊದಲಿನೆರಡು ನಿಮ್ಮದು ಹೌದಾ ಅಂತ ಅನುಮಾನ ಬರ್ತಿದೆ" ಎಂದು ನಕ್ಕ.

ತಮಾಷೆಗೆ ಹೇಳಿದ್ದು. ತಮಾಷೆಗೇ.

ಜೂನ್ 9, ಭಾನುವಾರ

ಮಳೆ. ಹೊಲಕ್ಕೆ ಹೋಗುವಂತಿಲ್ಲ. ಈ ಹಾಳೆಗೆ ಎರಡು ಹಾಳೆ ಸೇರಿಸಿ ಬರೆಯುತ್ತೇನೆ. ನಾನು ಓದುವುದಕ್ಕೆ ಮಾತ್ರ.

ನಲವತ್ತೆರಡು ವರ್ಷದ ಹಿಂದೆ, ಆರನೇ ಚಾಂದ್ರ ತಿಂಗಳು. ನನಗೆ ಇಪ್ಪತ್ತಮೂರು. ಊರೂರಿನ ತಂಡಗಳು ಬೆಟ್ಟಕ್ಕೆ ಹಾಡಲು ಹೊರಟಿದ್ದವು. ದಾರಿಯಲ್ಲಿ ಬೇರೆ ಊರಿನ ಹೆಂಗಸರು ಕೂದಲಿನಂಥ ಉದ್ದ ಹುಲ್ಲು ಹೊಸೆದ ಹಗ್ಗವನ್ನು ಅಡ್ಡ ಹಿಡಿಯುತ್ತಾರೆ. ಅವರು ಒಂದು ಪದ ಹಾಡುತ್ತಾರೆ, ನಾವು ಉತ್ತರ ಹಾಡಿದರೆ ಹಗ್ಗ ಇಳಿಯುತ್ತದೆ. ಪ್ರತಿ ತಂಡದಲ್ಲೂ ಕೊರಳಿನವರು ಬೇರೆ, ಮಾತು ಹೆಣೆಯುವವರು ಬೇರೆ. ಹೆಣೆಯುವವರು ಕೊಡೆ ಮರೆಯಲ್ಲಿ ನಿಂತು ಕೊರಳಿನವರ ಕಿವಿಗೆ ಸಾಲು ಊದುತ್ತಾರೆ. ಅವರ ದನಿಯನ್ನು ಯಾರೂ ಕೇಳುವುದಿಲ್ಲ, ಮುಖವನ್ನು ಯಾರೂ ನೋಡುವುದಿಲ್ಲ.

ಕೊರಳು ನನ್ನದು. ಅದರಲ್ಲಿ ಸುಳ್ಳಿಲ್ಲ, ಮೂರು ಕಣಿವೆಗೆ ಕೇಳುತ್ತಿತ್ತು. ಮಾತು ನಮ್ಮ ತಂಡದ ಹಿರಿಯ ಲುವೋನದು, ಪುಣ್ಯಾತ್ಮ ಹೋಗಿ ಹನ್ನೊಂದು ವರ್ಷವಾಯಿತು. ಅವತ್ತು ಅವನು ಕಾಯಿ ಏಪ್ರಿಕಾಟ್ ತಿಂದು ಪೊದೆಯ ಹಿಂದೆ ಕೂತವನು ಏಳಲೇ ಇಲ್ಲ. ಅದೇ ಹೊತ್ತಿಗೆ ಮೇಲಿನ ಕಣಿವೆಯ ಹುಡುಗಿಯರ ಹಗ್ಗ ಎದುರಾಯಿತು. ಹಾಡುಗಾತಿ ದಿಂಗ್ ಸುಮೆಯ್. ಅವಳ ಪಕ್ಕದಲ್ಲಿ ಒಂದು ಹಳೆ ಎಣ್ಣೆಗಾಗದದ ಕೊಡೆ. ಸುಮೆಯ್ ಹಾಡಿದಳು:

"ಅಗಸೆ ಹೂವು ಬೆಳಿಗ್ಗೆ ನೀಲಿ, ನಡುಹಗಲಿಗೆ ಬೋಳು;
ಹೊಳೆಗಿನ್ನೂ ಸೇತುವೆಯಿಲ್ಲ, ದಾಟುವವನೇ ಕೇಳು:
ಕೊರಳು ಚೆಂದ ಇದ್ದವನಿಗೆ ಕೊರಳಷ್ಟೇ ಸಾಲದು,
ಹೇಳಿಕೊಟ್ಟ ಮಾತು ಹಾಡಿದರೆ ನೀರು ದಾರಿ ಬಿಡದು."

ಇನ್ನೂರು ಜನ ನಕ್ಕರು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ತೆರೆದ ಬಾಯಿ ತೆರೆದೇ ಇತ್ತು. ಕೊನೆಗೆ ಹಗ್ಗದ ಪಕ್ಕದಿಂದ ಇಳಿದು, ಷರಾಯಿ ಮಡಚಿ, ತೊರೆಯ ನೀರಿನಲ್ಲಿ ಸುತ್ತಿಕೊಂಡು ಹೋದೆ.

ಸೋತ ಪದವೇ ನಾಲಗೆಗೆ ಅಂಟಿಕೊಂಡಿತು. ಕುರಿ ಕಾಯುವಾಗ ಮೊದಲೆರಡು ಸಾಲು ತಾನೇ ತಾನಾಗಿ ಬರುತ್ತಿತ್ತು. ಉಳಿದೆರಡನ್ನು ಮಾತ್ರ ಒಮ್ಮೆಯೂ ಬಾಯಿಗೆ ತರಲಿಲ್ಲ. ಅರವತ್ತೊಂದುವಿಗೆ ಎರಡೇ ಸಾಲು ಸಿಕ್ಕಿದ್ದು ಅದಕ್ಕೆ.

ಅವನ ತಟ್ಟೆ ಹೆಸರು ಮಾಡಿದಾಗ ಕ್ಷೌರದಂಗಡಿಯಲ್ಲಿ ಒಂದು ದಿನ "ನನ್ನ ಪದ" ಎಂದೆ. ಮಾರನೆಯ ದಿನ ಇನ್ನೊಂದು ಅಂಗಡಿಯಲ್ಲಿ ಎಂದೆ. ಆಮೇಲೆ ನಿಲ್ಲಿಸುವುದು ಹೇಗೆ?

ಜೂನ್ 16, ಭಾನುವಾರ

ಅರವತ್ತೊಂದು ಫೋನಿನಲ್ಲಿ ಹೊದಿಕೆಯ ಚಿತ್ರ ತೋರಿಸಿದ. ನಮ್ಮ ಹೊಳೆ, ನಮ್ಮ ದಿಬ್ಬ, ಕೆಳಗೆ ನನ್ನ ಹೆಸರು. ಬಹಳ ಹೊತ್ತು ನೋಡಿದೆ. ಚೆನ್ನಾಗಿತ್ತು. ಇನ್ನೊಬ್ಬರ ಮದುವೆಗೆ ಎರವಲು ತೊಟ್ಟ ಅಂಗಿಯಷ್ಟು ಚೆನ್ನಾಗಿತ್ತು.

"ಖುಷಿ ಆಯ್ತಾ ಮಾವ?"

"ಹೊಳೆ ಸ್ವಲ್ಪ ಸಪೂರ ಆಯ್ತು" ಎಂದೆ.

ಊಟ ಸೇರಲಿಲ್ಲ. ನಾಡಿದ್ದು ಮೇಲಿನ ಕಣಿವೆಗೆ ಹೋಗುತ್ತೇನೆ. ಸುಮೆಯ್ ಇದ್ದರೆ ಅವಳ ಪದ ಅವಳಿಗೆ ಕೊಟ್ಟುಬಿಡುವುದು. ದೊಡ್ಡ ಮನಸ್ಸಿನವನು ನಾನು. ಮನೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಹೇಳಿದ್ದೇನೆ.

ಜೂನ್ 18, ಮಂಗಳವಾರ
(ನೆಂಟರ ಭೇಟಿಗೆ ಒಳ್ಳೆಯದು. ಬಾಯಿ ಬಿಡಬಾರದು ಎಂದು ಎಲ್ಲೂ ಬರೆದಿರಲಿಲ್ಲ.)

ಸುಮೆಯ್ ಮೊಮ್ಮಗಳ ತಲೆ ಬಾಚುತ್ತಾ ಕೂತಿದ್ದಳು. ಹಲ್ಲು ನಾಲ್ಕೇ ಉಳಿದಿವೆ, ನಗು ಮಾತ್ರ ಅಷ್ಟೇ ಇದೆ.

"ಯಾರಪ್ಪಾ ಇದು? ಓಹೋ, ನೀರಲ್ಲಿ ಸುತ್ಕೊಂಡು ಹೋದ ವಾನ್‌ಫು! ಷರಾಯಿ ಒಣಗಿತೇನೋ?"

ಏಪ್ರಿಕಾಟಿನ ಚೀಲ ಮುಂದಿಟ್ಟು, ಅವಳು ಮೊಮ್ಮಗಳನ್ನು ಹೊರಗೆ ಕಳಿಸಿದ ಮೇಲೆ ಎಲ್ಲ ಹೇಳಿದೆ. "ಪದ ನಿನ್ನದು. ತಟ್ಟೆ ಮೇಲೆ ನಿನ್ನ ಹೆಸರು ಹಾಕಿಸ್ತೀನಿ" ಎಂದೆ. ಸಾಕಷ್ಟು ಗಂಭೀರವಾಗಿಯೇ ಹೇಳಿದೆ.

ಅವಳು ಬಾಚಣಿಗೆ ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕಳು.

"ನಿನಗೆ ನಿಜವಾಗ್ಲೂ ಗೊತ್ತಿಲ್ವೇನೋ? ನಾನು ಬಾಯಿ ತೆಗೆದೆ ಅಷ್ಟೆ. ಮಾತೆಲ್ಲ ಕೊಡೆ ಕೆಳಗಿನೋಳದು. ಆ ಕೊನೆ ಎರಡು ಸಾಲು ಕಿವೀಲಿ ಬಿದ್ದಾಗ ನನಗೂ ಉರೀತು, ನಾನೂ ಹೇಳಿಕೊಟ್ಟಿದ್ದು ಹಾಡೋಳೇ ತಾನೆ! ಒಂದೇ ಏಟಿಗೆ ಇಬ್ಬರನ್ನೂ ಹೊಡೆದಳು ಕಳ್ಳಿ."

"ಯಾರು ಅವಳು? ಇದ್ದಾಳಾ?"

"ಇದ್ದಾಳಾ ಅಂತ ನನ್ನ ಕೇಳ್ತೀಯಲ್ಲೋ! ಇವತ್ತು ಬೆಳಿಗ್ಗೆ ನಿನಗೆ ಬುತ್ತಿ ಕಟ್ಟಿಕೊಟ್ಟಳೋ ಇಲ್ವೋ?"

ನನ್ನ ಕೈಯಲ್ಲಿ ಬುತ್ತಿಯ ಗಂಟು ಇತ್ತು.

"ಒಡಕು ಕೊರಳಿನೋಳು, ದೌ ಮನೆತನದ ಹುಡುಗಿ. ನಮ್ಮೂರಲ್ಲಿ ಅವಳಷ್ಟು ಮಾತು ಹೆಣೆಯೋರು ಇನ್ನೊಬ್ಬರಿರಲಿಲ್ಲ. ಆ ಚಳಿಗಾಲದಲ್ಲೇ ನಿಮ್ಮ ಮನೆ ಸಂಬಂಧ ಬಂತಲ್ಲ. ನಾವೆಲ್ಲ ಬೇಡ ಅಂದ್ವಿ, ಬಾಯಿ ತೆಗೆದ್ರೆ ಮುಚ್ಚೋಕೆ ಬರದೋನು ಅಂತ. ಅವಳೇ ಹ್ಞೂಂ ಅಂದಳು."

ಜೂನ್ 19, ಬುಧವಾರ

ಬರೆಯಲು ಏನೂ ಇಲ್ಲ. ಹುಳಿನೀರಿನ ನೂಡಲ್ ತಿಂದೆ. ಎರಡು ಬಟ್ಟಲು. ಚೆನ್ನಾಗಿದೆ ಎಂದೆ. ಜ್ವರ ಬಂದಿದೆಯೇ ಎಂದು ಅವಳು ಹಣೆ ಮುಟ್ಟಿ ನೋಡಿದಳು.

ಜೂನ್ 24, ಸೋಮವಾರ

ಕೇಳುವುದು ಹೇಗೆ? ಸೂರಿನ ಕೆಳಗೆ ಆ ಮಾತೆತ್ತುವಂತಿಲ್ಲ. ಅವಳೂ ಅದಕ್ಕೇ ಎತ್ತಲಿಲ್ಲವೇ? ನಲವತ್ತೊಂದು ವರ್ಷ ಒಂದೇ ಸೂರಿನ ಕೆಳಗೆ.

ಕೂತು ಯೋಚಿಸಿದರೆ ಒಂದೊಂದೇ ಬರುತ್ತದೆ. ನನ್ನ ಮಾತಿಗೆ ಊರಿನಲ್ಲಿ ಹೆಸರಿದೆ. ಗಡಿ ಬದುವಿನ ಜಗಳದಲ್ಲಿ ಪಕ್ಕದ ಹೊಲದವನ ಬಾಯಿ ಮುಚ್ಚಿಸಿದವನು ನಾನು. ಅವತ್ತು ಅವಳು ನನ್ನ ಬೆನ್ನ ಹಿಂದೆ ನಿಂತು ಏನೋ ಗೊಣಗುತ್ತಿದ್ದಳು. ಅಕ್ಕ ಹೋದಾಗ ಅವಳ ಸಮಾಧಿಯ ಮುಂದೆ ನಾನಾಡಿದ ನಾಲ್ಕು ಮಾತಿಗೆ ಗಂಡಸರೂ ಅತ್ತರು. ಹಿಂದಿನ ದಿನ ಒಲೆ ಮುಂದೆ ಕೂತು "ಹೀಗೆ ಅನ್ನಿ, ಅಕ್ಕನಿಗೆ ಸಮಾಧಾನ ಆಗತ್ತೆ" ಎಂದವಳು ಇವಳೇ. ನಾನು ಎಲ್ಲ ಮರೆತು ನನ್ನದೇ ಎಂದುಕೊಂಡಿದ್ದೆ.

ಮದುವೆಯ ದಿನ ಹೊಳೆಯಲ್ಲಿ ಮಂಜುಗಡ್ಡೆಯ ಮುತ್ತುಗಳು ತೇಲಿ ಬರುತ್ತಿದ್ದವು. ಸೇತುವೆ ಇನ್ನೂ ಕಟ್ಟಿರಲಿಲ್ಲ. ಕತ್ತೆಯ ಮೇಲೆ ಕೂತು, ಮೊಣಕಾಲಿನವರೆಗೆ ನೆನೆದು, ಇವಳು ಈ ದಡಕ್ಕೆ ಬಂದಳು. ಇಳಿಯುವಾಗ ನನ್ನನ್ನು ನೋಡಿ ನಕ್ಕಳು. ಇಷ್ಟು ಚಳಿಯಲ್ಲಿ ಏನು ನಗು ಎಂದುಕೊಂಡಿದ್ದೆ. ಮೂರು ಕಣಿವೆಯ ಕೊರಳಿಗೆ ಒಡಕು ಕೊರಳು ಗಂಟುಬಿತ್ತಲ್ಲ ಎಂದು ಅವತ್ತೇ ಗೆಳೆಯರ ಮುಂದೆ ಅಂದೆ ಕೂಡ. ಅವಳಿಗೆ ಕೇಳಿಸಿರಬಹುದು.

ಇವತ್ತು ತೊರೆಯ ಬದಿಗೆ ಹೋಗಿ ಉದ್ದ ಹುಲ್ಲು ಕೊಯ್ದು ತಂದೆ. "ಎಮ್ಮೆ ಇಲ್ಲ, ಕತ್ತೆ ಇಲ್ಲ, ಈ ಹುಲ್ಲು ಯಾರಿಗೆ?" ಎಂದು ಕೇಳಿದಳು.

"ನನಗೇ" ಎಂದೆ.

"ಸರಿ ಹಾಗಾದ್ರೆ, ಉಪ್ಪು ಹಾಕ್ಕೊಂಡು ತಿನ್ನಿ."

ಜೂನ್ 29, ಶನಿವಾರ

ಇವತ್ತಿನ ಹಾಳೆಗೆ ನಾಲ್ಕು ಹಾಳೆ ಸೇರಿಸಿದ್ದೇನೆ. ಹಿಂದಿನ ವಾರದವು, ಬರೆಯದೆ ಬಿಟ್ಟವು.

ಇವತ್ತು ಅರವತ್ತೊಂದು ಹೊರಡುವ ದಿನ. ಕೊನೆಯ ಎರಡು ಸಾಲು ಸಿಗದೆ ಹೊರಟಿದ್ದ, ಆದರೂ ಮುಖ ಗಂಟು ಹಾಕಿರಲಿಲ್ಲ. ತನ್ನ ತಂಗಿಯ ಮನೆಗೆ ಹೋಗಬೇಕೆಂದು ನಮ್ಮವಳು ರುಯ್‌ಲಿಯನ್ ಕೂಡ ಅವನ ವ್ಯಾನು ಹತ್ತುವವಳಿದ್ದಳು. ನಾನು ಅವರಿಗಿಂತ ಮೊದಲೇ ಎದ್ದು, ಊರ ಗಡಿಕಲ್ಲು ದಾಟಿ, ಅಗಸೆ ಹೊಲದ ಪಕ್ಕ ದಾರಿ ಕಿರಿದಾಗುವಲ್ಲಿ ಆ ಹುಲ್ಲಿನಿಂದ ಹೊಸೆದ ಹಗ್ಗ ಕಟ್ಟಿದೆ. ಒಂದು ತುದಿ ಮರಕ್ಕೆ, ಇನ್ನೊಂದು ನನ್ನ ಕೈಯಲ್ಲಿ. ಹೊಲ ತುಂಬ ನೀಲಿ.

ವ್ಯಾನು ಬಂದು ನಿಂತಿತು. ಅರವತ್ತೊಂದು ತಲೆ ಹೊರಗೆ ಹಾಕಿದ.

"ಮಾವ, ಏನಾಯ್ತು? ದಾರಿ ಕುಸಿದಿದ್ಯಾ?"

ನಾನು ಹಗ್ಗ ಎತ್ತಿ ಹಿಡಿದೆ. ಅವನು ಹಗ್ಗ ನೋಡಿದ. ಹುಲ್ಲು ನೋಡಿದ. ಒಳಗೆ ಕೂತ ಅತ್ತೆಯ ಮುಖ ನೋಡಿದ. ಬುದ್ಧಿವಂತ. ಎಂಜಿನ್ ಆರಿಸಿ, ಧ್ವನಿ ಹಿಡಿಯುವ ಪುಟ್ಟ ಯಂತ್ರವನ್ನು ಕಲ್ಲುಗೋಡೆಯ ಮೇಲಿಟ್ಟು, ನಡೆದು ದಿಬ್ಬದ ಹಿಂದೆ ಹೋಗಿ ನಮಗೆ ಬೆನ್ನು ಹಾಕಿ ಕೂತ. ಮೂವತ್ತೈದು ವರ್ಷದ ಹಿಂದೆ ಕೂರುತ್ತಿದ್ದ ಹಾಗೆಯೇ. ಕಾಣದಿದ್ದರೆ ಯಾರೂ ಯಾರಿಗೂ ನೆಂಟರಲ್ಲ.

ನಾನು ಹಾಡಿದೆ. ಕೊರಳು ಮೊದಲಿನಂತಿಲ್ಲ, ಒಂದು ಕಣಿವೆಗೆ ಕೇಳಿಸಿದ್ದರೆ ಹೆಚ್ಚು. ಅಗಸೆ ಹೂವಿನ ಸಾಲು, ಸೇತುವೆಯ ಸಾಲು. ಅಲ್ಲಿಗೆ ನಿಲ್ಲಿಸಿ ರೂಢಿ. ಇವತ್ತು ನಿಲ್ಲಿಸಲಿಲ್ಲ. ಕೊರಳಷ್ಟೇ ಸಾಲದು ಎಂದೂ ಹಾಡಿದೆ, ಹೇಳಿಕೊಟ್ಟ ಮಾತು ಎಂದೂ ಹಾಡಿದೆ. ಕೊನೆಯ ಶಬ್ದದಲ್ಲಿ ಸ್ವರ ಒಡೆಯಿತು. ಧೂಳು, ಅಷ್ಟೆ.

ವ್ಯಾನಿನ ಬಾಗಿಲು ತೆರೆಯಿತು. ರುಯ್‌ಲಿಯನ್ ಇಳಿದಳು. ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಆದರೂ ಕೊಡೆ ಬಿಡಿಸಿದಳು. ಮುಖ ಕಾಣದ ಹಾಗೆ ಅದನ್ನು ವಾಲಿಸಿ ಹಿಡಿದಳು. ಯಾರ ಕಿವಿಗೆ ಊದಬೇಕು? ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ಆಮೇಲೆ ಕೊಡೆಯ ಕೆಳಗಿನಿಂದ ಮರ ಗೀರಿದಂಥ ಆ ದನಿ, ನಾನು ನನ್ನ ಆಯಸ್ಸಿನಲ್ಲಿ ಮೊದಲ ಸಲ ಹಾಡಾಗಿ ಕೇಳಿದ್ದು:

"ಹಗ್ಗ ಹಿಡಿದ ಮುದುಕನೇ ಕೇಳು, ತೋಳು ನೋಯದೇನು?
ಸೋತೆನೆಂದು ಹೇಳಲು ನಲವತ್ತೆರಡು ವರ್ಷ ಬೇಕೇನು?
ಅಗಸೆ ಹೂವು ಉದುರಿದರೇನು, ಒಳಗೆ ಬೀಜವುಂಟು;
ಸೇತುವೆ ಕ‌ಟ್ಟುವ ಮೊದಲೇ ನಾನು ಹೊಳೆ ದಾಟಿ ಬಂದದ್ದುಂಟು."

ಮತ್ತೆ ಅದೇ, ಬಾಯಿ ತೆರೆದವನು ತೆರೆದೇ ನಿಂತೆ. ಹಗ್ಗ ತಾನಾಗಿ ಕೈಯಿಂದ ಜಾರಿತು.

ಕೊಡೆಯ ಕೆಳಗಿಂದ, "ಬಾಯಿ ಮುಚ್ಕೊಳಿ, ನೊಣ ಹೋಗತ್ತೆ."

"ನೀನು ಯಾಕೆ ಹೇಳಲಿಲ್ಲ?"

"ಎಲ್ಲಿ ಹೇಳ್ಲಿ? ಒಲೆ ಮುಂದೆ ಹೇಳೋ ಹಾಗಿತ್ತಾ? ಬಯಲಿಗೆ ನೀವು ಕುರೀನ ಕರ್ಕೊಂಡು ಹೋದ್ರಿ, ನನ್ನನ್ನ ಕರೀಲಿಲ್ಲ."

"ಷೀಆನ್‌ನಲ್ಲಿ ಎದ್ದು ಹೋದೆಯಲ್ಲ, ನಾಚಿಕೆ ಅಂದ್ಕೊಂಡಿದ್ದೆ."

"ಎಂಟು ನೂರು ಜನ ನನ್ನ ಮಾತು ಹಾಡ್ತಿದ್ರು. ಪಕ್ಕದಲ್ಲಿ ನೀವು 'ನನ್ನದು' ಅಂತ ಕೂಗ್ತಿದ್ರಿ. ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ. ಹೊರಗೆ ಹೋಗಿ ಎರಡೂ ಮಾಡಿ ಬಂದೆ."

ದಿಬ್ಬದ ಹಿಂದಿನಿಂದ ಕೂಗು ಬಂತು, ತಿರುಗಿ ನೋಡದೆಯೇ: "ಗುರುತಿಲ್ಲದವರೇ! ತಟ್ಟೆಯ ಬರಹ ನಾಳೆ ಕಳಿಸ್ಬೇಕು! ಯಾರ ಹೆಸರು ಬರೀಲಿ?"

"ಏನೂ ಬೇಡಪ್ಪ, ಊರೋರು ಏನಂದಾರು" ಎಂದಳು ರುಯ್‌ಲಿಯನ್. ಎರಡು ಹೆಜ್ಜೆ ನಡೆದು ನಿಂತಳು. "ಬರೆಯೋದೇ ಆದ್ರೆ ತವರಿನ ಹೆಸರು ಬರಿ. ದೌ ರುಯ್‌ಲಿಯನ್. ವಾನ್‌ಫು ಹೆಂಡತಿ ಅಂತ ಬರೆದ್ರೆ ತಟ್ಟೆ ಒಡೆದು ಒಲೆಗೆ ಹಾಕ್ತೀನಿ."

"ಮತ್ತೆ ನನ್ನ ಹೆಸರು?" ಎಂದು ನಾನು ಕೇಳಿದೆ. ಇಪ್ಪತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದವನು, ಒಮ್ಮೆಲೇ ಇಲ್ಲವಾಗುವುದು ಹೇಗೆ? ದಿಬ್ಬದ ಹಿಂದೆ ಹೋಗಿ ಅರವತ್ತೊಂದುವಿಗೆ ನನಗೆ ಬೇಕಾದ್ದನ್ನು ಕಿವಿಯಲ್ಲಿ ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ. "ನಿಜವಾಗ್ಲೂ ಮಾವ?" ಎಂದ.

"ನಾನೇನು ಸುಳ್ಳು ಹೇಳೋನಾ?"

ವ್ಯಾನು ಹೋಯಿತು. ನಾನು ಹಗ್ಗ ಸುತ್ತಿಕೊಂಡು ಅಲ್ಲೇ ಕೂತಿದ್ದೆ. ನಡುಹಗಲಿಗೆ ಹೂವೆಲ್ಲ ಉದುರಿತು.

ಜುಲೈ 3, ಬುಧವಾರ

ರುಯ್‌ಲಿಯನ್ ತಂಗಿಯ ಮನೆಯಿಂದ ಬಂದಳು. ನಾನೇ ಚಹಾ ಕಾಯಿಸಿದೆ. ಕಹಿಯಾಯಿತಂತೆ. ಕ್ಷೌರದಂಗಡಿಗೆ ಹೋಗಿದ್ದೆ, 'ಸೇತುವೆಯಿಲ್ಲದ ಹೊಳೆ'ಯ ಮಾತು ಬಂತು. ಸುಮ್ಮನೆ ಕೂತಿದ್ದೆ. ಕೂದಲು ಚೆನ್ನಾಗಿ ಕತ್ತರಿಸಿದ.

ಡಿಸೆಂಬರ್ 19, ಗುರುವಾರ
(ಪತ್ರ ಬರುವ ದಿನ. ಕ್ಯಾಲೆಂಡರಿನಲ್ಲಿ ಇನ್ನು ಹನ್ನೆರಡು ಹಾಳೆ ಇದೆ.)

ಹೊಳೆಯಲ್ಲಿ ಮತ್ತೆ ಮಂಜುಗಡ್ಡೆಯ ಮುತ್ತುಗಳು ತೇಲುತ್ತಿವೆ. ಕಪ್ಪು ತಟ್ಟೆ ಅಂಚೆಯಲ್ಲಿ ಬಂತು. ನುಡಿಸುವ ಯಂತ್ರ ಈ ಊರಿನಲ್ಲಿ ಯಾರ ಬಳಿಯೂ ಇಲ್ಲ. ನುಡಿಸಿದರೂ ಮನೆಯೊಳಗೆ ನುಡಿಸುವಂತಿಲ್ಲ. ನೋಡಲು ಅಡ್ಡಿಯಿಲ್ಲ.

ಹಾಡಿನ ಕೊನೆಯಲ್ಲಿ ಅಗಸೆ ಹೊಲದ ಆ ಬೆಳಗಿನದ್ದನ್ನು ಇದ್ದ ಹಾಗೇ ಇಟ್ಟಿದ್ದಾನಂತೆ, ನನ್ನ ಒಡೆದ ಸ್ವರ, ಅವಳ ದನಿ ಎರಡನ್ನೂ. ತಾನು ಹಾಡಿಲ್ಲವಂತೆ. ಪತ್ರದಲ್ಲಿ ಬರೆದಿದ್ದಾನೆ: "ಮೊನ್ನೆ ಲಾನ್‌ಝೌನಲ್ಲಿ ಜನರಿಗೆ ಕೇಳಿಸಿದೆ. ಕಣ್ಣು ತೆರೆದುಕೊಂಡೇ ನಿಂತಿದ್ದೆ ಮಾವ."

ರುಯ್‌ಲಿಯನ್ ಕೈ ಒರೆಸಿಕೊಂಡು ಬಂದು ಮಣ್ಣುಮಂಚದ ಮೇಲೆ ಕೂತಳು. ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಇದ್ರಲ್ಲಿ ನಂದು ಯಾವ್ದು?"

ಅವಳ ಬೆರಳು ಹಿಡಿದು ಅಕ್ಷರದ ಮೇಲಿಟ್ಟೆ. "ಪದ: ದೌ ರುಯ್‌ಲಿಯನ್."

ಬೆರಳನ್ನು ಅದರ ಮೇಲೆ ಮೂರು ಸಲ ಆಡಿಸಿದಳು. ಹುರುಳಿ ಆರಿಸುವಾಗ ಕಲ್ಲಿದೆಯೇ ಎಂದು ನೋಡುವ ಹಾಗೆ.

"ಇದರ ಕೆಳಗೆ ಇರೋದು?"

"ನಂದು."

"ಏನಂತ ಬರೆದಿದೆ?"

"ಸೋತವನು: ಬಾಯ್ ವಾನ್‌ಫು."

ಅವಳು ನನ್ನನ್ನು ನೋಡಿದಳು. ನಾನು ಕುಡಿಕೆ ಕೆದಕಿದೆ. ಇಡೀ ದೇಶದಲ್ಲಿ ಸೋತದ್ದಕ್ಕೆ ಹೆಸರು ಅಚ್ಚಾದವನು ನಾನೊಬ್ಬನೇ, ಈ ಮಾತಿಗೆ ಯಾರು ಬೇಕಾದರೂ ಬಂದು ಪಂಥ ಕಟ್ಟಲಿ.

ಅವಳು ಹೊದಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, ಆ ಒಡಕು ಕೊರಳಿನಲ್ಲಿ ಹೇಳಿದಳು:

"ನಿಮ್ಮ ಅಕ್ಷರ ಇನ್ನೂ ಸ್ವಲ್ಪ ದಪ್ಪ ಇರ್ಬೇಕಿತ್ತು."